ಒಳ್ಳೆಯ ಚಹಾಕ್ಕಾಗಿ ಎಷ್ಟು ದೂರ ಹೋಗಬಹುದು?

ಪ್ರಶ್ನೆ: ನಾನು ಕುಮಟಾದವನು. ಭಾನುವಾರ ಬಂತೆಂದರೆ ನಾನೂ ನನ್ನ ಗೆಳೆಯನೂ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತಿ, ಶಿರಸಿ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ಚಹಾ ಕುಡಿದು ಬರುತ್ತೇವೆ. ಹೋಗಿ ಬರಲು ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಮನೆಯವರಿಗೆ ಇದು ಹುಚ್ಚಾಟ. ಆದರೆ ಆ ರುಚಿ ಕೆಳಗೆ ನಮ್ಮೂರಲ್ಲಿ ಸಿಗುವುದಿಲ್ಲ. ಈಗ ಮುನ್ನಾರ್‌ಗೋ ಡಾರ್ಜಿಲಿಂಗ್‌ಗೋ ಹೋಗಿ ಬರುವ ಆಸೆ ಹುಟ್ಟಿದೆ. ಹೋದ ವರ್ಷ ಊಟಿಯಿಂದ ತಂದ ಪುಡಿ ಮನೆಯಲ್ಲಿ ಅಲ್ಲಿನ ರುಚಿ ಕೊಡಲೇ ಇಲ್ಲ. ಹಾಗಿರುವಾಗ ಚಹಾಕ್ಕಾಗಿ ಅಷ್ಟು ದೂರ ಹೋಗುವುದರಲ್ಲಿ ಅರ್ಥ ಇದೆಯಾ?

ಉತ್ತರ: ಖಂಡಿತ ಇದೆ. ಆದರೆ ಯಾವುದಕ್ಕಾಗಿ ಹೋಗುತ್ತಿದ್ದೀರಿ ಅನ್ನುವುದು ಮೊದಲು ಗೊತ್ತಿರಬೇಕು.

ಒಣಗಿದ ಚಹಾ ಎಲೆ ಎಷ್ಟು ದೂರ ಬೇಕಾದರೂ ಬರುತ್ತದೆ. ನಮ್ಮ ದೇಶದ ಚಹಾದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವುದು ಅಸ್ಸಾಮಿನಲ್ಲಿ. ಅದು ಕುಮಟಾದ ಕಿರಾಣಿ ಅಂಗಡಿಗೇ ಬಂದು ಕೂತಿದೆ. ಡಾರ್ಜಿಲಿಂಗಿನದನ್ನೂ ಇವತ್ತು ಅಂಚೆಯಲ್ಲಿ ತರಿಸಬಹುದು. ಪುಡಿ ತರುವುದಕ್ಕೇ ಅಂತ ಯಾರೂ ಹೋಗಬೇಕಾಗಿಲ್ಲ. ತರಿಸಲು ಆಗದೇ ಇರುವುದು ಅಲ್ಲಿನ ನೀರು, ಅಲ್ಲಿನ ಹಾಲು, ಚಹಾ ಮಾಡುವವರ ಕೈ, ಕಾರ್ಖಾನೆಯಲ್ಲಿ ಹಸಿ ಎಲೆ ಬಾಡುವಾಗಿನ ಪರಿಮಳ. ಹೋಗುವುದಾದರೆ ಇವಕ್ಕಾಗಿ ಹೋಗಿ. ನಾನು ಬಹಳ ಕಾಲ ನೀಲಗಿರಿಯ ಕುನೂರಿನಲ್ಲಿ ಚಹಾ ರುಚಿ ನೋಡುವ ಕೆಲಸದಲ್ಲಿದ್ದೆ, ಈಗ ಶಿರಸಿಯಲ್ಲಿದ್ದೇನೆ. ಅದೇ ಪುಡಿ, ಅದೇ ಅಳತೆ, ಊರು ಬದಲಾದರೆ ಬೇರೆಯೇ ಚಹಾ ಆಗುವುದನ್ನು ನೋಡುತ್ತಲೇ ಬಂದಿದ್ದೇನೆ.

ನಿಮ್ಮ ಭಾನುವಾರದ ಚಹಾದಿಂದಲೇ ಶುರು ಮಾಡೋಣ. ಅದು ಹುಚ್ಚಲ್ಲ, ಅದಕ್ಕೆ ಕಾರಣ ಇದೆ. ಮೊದಲನೆಯದು ನೀರು. ಒಂದು ಲೋಟ ಚಹಾದಲ್ಲಿ ಎಲೆಯಿಂದ ಇಳಿಯುವ ಸತ್ವ ಬಹಳ ಸ್ವಲ್ಪ, ಉಳಿದದ್ದು ನೀರು, ಹಾಲು, ಸಕ್ಕರೆ. ಘಟ್ಟದ ಮೇಲಿನ ಬಾವಿಗಳು ಹೆಚ್ಚಾಗಿ ಜಂಬಿಟ್ಟಿಗೆ ನೆಲದವು. ಆ ಕಲ್ಲಿನಲ್ಲಿ ಸುಣ್ಣದ ಅಂಶ ಕಡಿಮೆ. ಹಾಗಾಗಿ ನೀರು ಮೃದು. ಮೃದು ನೀರಿನಲ್ಲಿ ಚಹಾದ ಬಣ್ಣ ಕೆಂಪಗೆ, ತಿಳಿಯಾಗಿ ಇಳಿಯುತ್ತದೆ. ಗಡಸು ನೀರಿನಲ್ಲಿ ಕಣ್ಣು ಚಹಾ, ಅಂದರೆ ಹಾಲಿಲ್ಲದ ಚಹಾ, ಮಾಡಿ ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿ. ಮೇಲೆ ತೆಳ್ಳಗೆ ಮಿರುಗುವ ಕೆನೆ ಕಟ್ಟಿರುತ್ತದೆ. ನೀರಿನಲ್ಲಿರುವ ಸುಣ್ಣ ಚಹಾದ ಒಗರಿನ ಜೊತೆ ಸೇರಿ ಆಗುವ ಕೆನೆ ಅದು. ಅಂಥ ಚಹಾ ನೋಡಲು ಕಪ್ಪಾಗಿರುತ್ತದೆ, ನಾಲಗೆಗೆ ಮಾತ್ರ ಮಂಕು.

ಕರಾವಳಿಯ ಕಷ್ಟವೇ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಸಮುದ್ರ ಸೇರುವ ಜಾಗದಲ್ಲಿ ಬೇಸಿಗೆ ಬಂತೆಂದರೆ ಉಪ್ಪು ನೀರು ಒಳಗೆ ಬರುತ್ತದೆ. ಹೊಳೆ ಹತ್ತಿರದ ಬಾವಿಗಳಿಗೂ ಆ ರುಚಿ ಹತ್ತುತ್ತದೆ. ಅನ್ನಕ್ಕೆ, ಸಾರಿಗೆ ಅದು ಅಷ್ಟು ಗೊತ್ತಾಗುವುದಿಲ್ಲ. ಚಹಾದಲ್ಲಿ ತಕ್ಷಣ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ‘ಪುಡಿ ಸರಿ ಇಲ್ಲ’ ಅಂತ ಬ್ರಾಂಡ್ ಬದಲಾಯಿಸುವವರು ನಮ್ಮ ಕರಾವಳಿಯಲ್ಲಿ ಎಷ್ಟೋ ಜನ. ಪುಡಿಯದ್ದೇನೂ ತಪ್ಪಿರುವುದಿಲ್ಲ, ಬಾವಿಯ ನೀರು ಬದಲಾಗಿರುತ್ತದೆ.

ನೀರಿಗಾಗಿ ಅಲೆಯುವುದು ಹೊಸದಲ್ಲ. ಎಂಟನೇ ಶತಮಾನದಲ್ಲಿ ಚೀನಾದ ಲು ಯು ಎನ್ನುವ ಚಹಾ ಪಂಡಿತ ನೀರನ್ನು ಮೂರು ದರ್ಜೆ ಮಾಡಿಟ್ಟಿದ್ದಾನೆ. ಬೆಟ್ಟದ ನೀರು ಮೇಲು, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಕೊನೆ. ನಮ್ಮ ಮಲೆನಾಡಿನ ಬಾವಿ ನೀರು ಕುಡಿದಿದ್ದರೆ ಅವನು ಕೊನೆಯ ದರ್ಜೆಯನ್ನು ಇನ್ನೊಮ್ಮೆ ಯೋಚಿಸುತ್ತಿದ್ದ ಅಂತ ನನ್ನ ನಂಬಿಕೆ. ಮಾತಿನ ತಿರುಳು ಮಾತ್ರ ಇವತ್ತಿಗೂ ನಿಜ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಮುಂದಿನ ಸಲ ಹೋದಾಗ ಅದೇ ಅಂಗಡಿಯವರಲ್ಲಿ ಕೇಳಿ ಒಂದು ಬಾಟಲಿ ಕುಡಿಯುವ ನೀರು ತನ್ನಿ. ಮನೆಯಲ್ಲಿ ಎರಡು ಲೋಟ ಇಡಿ. ಒಂದಕ್ಕೆ ಘಟ್ಟದ ನೀರು, ಇನ್ನೊಂದಕ್ಕೆ ನಿಮ್ಮ ಬಾವಿ ನೀರು. 100 ಮಿಲಿ ನೀರಿಗೆ 2 ಗ್ರಾಂ ಪುಡಿ, 6 ನಿಮಿಷ ಮುಚ್ಚಿಡಬೇಕು, ಹಾಲು ಸಕ್ಕರೆ ಬೇಡ. ರುಚಿ ನೋಡುವವರಿಗೆ ಅಂತ ಇರುವ ಅಂತರರಾಷ್ಟ್ರೀಯ ಅಳತೆ ಅದೇ. ಚಮಚದಲ್ಲಿ ತೆಗೆದು ಸೊರ್ ಅಂತ ಜೋರಾಗಿ ಎಳೆದುಕೊಳ್ಳಿ. ಗಾಳಿಯ ಜೊತೆ ಹೋದಾಗಲೇ ಪರಿಮಳ ಮೂಗಿನ ಹಿಂಭಾಗಕ್ಕೆ ಮುಟ್ಟುವುದು. ಕುನೂರಿನ ರುಚಿ ಕೋಣೆಗಳಲ್ಲಿ ಉದ್ದದ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು ಇಟ್ಟು, ಒಂದೊಂದೇ ಬಟ್ಟಲಿನಿಂದ ಹೀಗೆ ಸೊರಗುಟ್ಟಿ ಉಗಿಯುತ್ತಾ ಮುಂದೆ ಹೋಗುತ್ತಾರೆ. ಮನೆಯಲ್ಲಿ ಉಗಿಯುವುದು ಬೇಡ. ಎರಡು ಲೋಟದ ವ್ಯತ್ಯಾಸ ಹತ್ತು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಎರಡನೆಯದು ಕೈ. ಆ ಅಂಗಡಿ ನನಗೆ ಗೊತ್ತಿಲ್ಲ, ಆದರೆ ಒಳ್ಳೆಯ ಘಟ್ಟದ ಅಂಗಡಿಗಳಲ್ಲಿ ನಡೆಯುವುದು ಸಾಧಾರಣ ಒಂದೇ ಥರ. ನೀರು ಮರಳಿದ ಮೇಲೆ ಪುಡಿ ಬೀಳುತ್ತದೆ. ಅದು ಎರಡು ಮೂರು ನಿಮಿಷ ನೀರಿನಲ್ಲೇ ಕುದಿಯುತ್ತದೆ. ಹಾಲು ಪಕ್ಕದ ಪಾತ್ರೆಯಲ್ಲಿ ಮೊದಲೇ ಕಾದಿರುತ್ತದೆ. ಎರಡೂ ಕೂಡಿದ ಮೇಲೆ ಉಕ್ಕು ಬರುತ್ತದೆ, ಸೌಟಿನಲ್ಲಿ ಎತ್ತಿ ಸುರಿದು ಇಳಿಸುತ್ತಾರೆ, ಮತ್ತೆ ಉಕ್ಕಿಸುತ್ತಾರೆ, ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಇದರಲ್ಲಿ ಮುಖ್ಯವಾದದ್ದು ಹಾಲು ಬೀಳುವ ಮುಂಚೆ ಪುಡಿ ನೀರಿನಲ್ಲಿ ಬೆಂದಿರುವುದು. ಹಾಲಿನ ಪ್ರೋಟೀನು ಚಹಾದ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣಗಿನ ಹಾಲಿಗೇ ಪುಡಿ ಹಾಕಿ ಕುದಿಸಿದರೆ ಸತ್ವ ಸರಿಯಾಗಿ ಇಳಿಯುವುದಿಲ್ಲ. ಆಮೇಲೆ ರುಚಿ ಬರಲಿಲ್ಲ ಅಂತ ಇನ್ನೂ ಒಂದು ಚಮಚ ಸುರಿಯುತ್ತೇವೆ, ಅಲ್ವಾ?

ಶುಂಠಿಯೂ ಹಾಗೇ. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವ ಇದೆ. ಜಜ್ಜಿದ ಶುಂಠಿಯನ್ನು ನೀರಿನಲ್ಲೇ ಚೆನ್ನಾಗಿ ಕುದಿಸಿದರೆ ಅದರ ಆಟ ಮುಗಿಯುತ್ತದೆ. ಆಮೇಲೆ ಹಾಲು ಹಾಕಿದರೆ ತೊಂದರೆ ಇಲ್ಲ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಜೋನಿ ಬೆಲ್ಲ ಹಾಕಿ ಚಹಾ ಮಾಡುವವರಿದ್ದಾರೆ, ನನಗೂ ಅದು ಬಹಳ ಇಷ್ಟ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ. ಒಲೆಯ ಮೇಲೇ ಹಾಕಿದರೆ ಹಾಲು ಒಡೆಯುವ ಅಪಾಯ ಜಾಸ್ತಿ. ಇಳಿಸಿ, ಕುದಿ ನಿಂತ ಮೇಲೆ ಕಲಸಿ.

ಒಂದು ಗುಟ್ಟು ಹೇಳುತ್ತೇನೆ. ಹೊಸ ಜಾಗದಲ್ಲಿ ಅಂಗಡಿ ಹುಡುಕುವಾಗ ಹೆಸರು ನೋಡಬೇಡಿ, ಪಾತ್ರೆ ನೋಡಿ. ಗಿರಾಕಿ ಬಂದ ಹಾಗೆ ಸ್ವಲ್ಪ ಸ್ವಲ್ಪವೇ ಹೊಸದಾಗಿ ಮಾಡುತ್ತಾರೋ, ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟು ಸಣ್ಣ ಉರಿಯಲ್ಲಿ ಇಟ್ಟಿದ್ದಾರೋ? ಹಳೆಯ ಚರಟದ ಮೇಲೇ ಹೊಸ ಪುಡಿ ಹಾಕುತ್ತಾರೋ, ಚೆಲ್ಲಿ ತೊಳೆಯುತ್ತಾರೋ? ಅರ್ಧ ಗಂಟೆ ಉರಿಯ ಮೇಲೆ ಕೂತ ಚಹಾ ಎಷ್ಟೇ ಒಳ್ಳೆಯ ತೋಟದ್ದಾದರೂ ಕಹಿಯೇ. ಜನ ತುಂಬಿದ ಹೊತ್ತಿಗೇ ಹೋಗಿ. ಆಗಿನದೇ ತಾಜಾ.

ಇನ್ನು ಊಟಿಯ ಪುಡಿ. ಅದು ಮನೆಯಲ್ಲಿ ಯಾಕೆ ಸೋತಿತು? ಬೆಟ್ಟ ಏರಿದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಕುಮಟಾದಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಆರುನೂರು ಮೀಟರ್ ಹತ್ತಿರ ಇರುವ ಶಿರಸಿಯಲ್ಲಿ 98ಕ್ಕೆ. ಊಟಿ 2,200 ಮೀಟರಿಗಿಂತ ಮೇಲಿದೆ, ಅಲ್ಲಿ 92, 93 ಡಿಗ್ರಿಗೇ ಕೊತಕೊತ ಅನ್ನುತ್ತದೆ. ಅಲ್ಲಿನ ಎಲೆ ಚಹಾವನ್ನು ಅಲ್ಲಿನ ನೀರಿನಲ್ಲಿ ಇಳಿಸಿದರೆ ಪರಿಮಳ ಬರುತ್ತದೆ, ಒಗರು ಅಷ್ಟಾಗಿ ಬರುವುದಿಲ್ಲ. ಅದೇ ಎಲೆಯನ್ನು ನೀವು ಸಮುದ್ರದ ಮಟ್ಟದಲ್ಲಿ ಮಳಮಳ ಕುದಿಯುವ ನೀರಿಗೆ ಹಾಕಿ, ಅಭ್ಯಾಸದಂತೆ ಒಲೆಯ ಮೇಲೆ ಇನ್ನೂ ಕುದಿಸಿ, ಹಾಲು ಹಾಕಿದಿರಿ ಅಂತ ಕಾಣುತ್ತದೆ. ಪರಿಮಳ ಹಬೆಯ ಜೊತೆ ಹೋಯಿತು, ಕಹಿ ಉಳಿಯಿತು. ಎಲೆ ಚಹಾ ಆಗಿದ್ದರೆ ನೀರು ಕುದಿದ ಮೇಲೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಆಮೇಲೆ ಎಲೆ ಹಾಕಿ ಮುಚ್ಚಿ. ಮೂರು ನಾಲ್ಕು ನಿಮಿಷ ಸಾಕು.

ನಾವು ದಿನಾ ಬಳಸುವ ಕಾಳು ಪುಡಿ, ಅಂದರೆ ಸಿಟಿಸಿ, ಬೇರೆ ಜಾತಿಯದು. ಎಲೆಯನ್ನು ಹಲ್ಲಿನ ರೋಲರ್‌ಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಆ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಹಾಲು, ಸಕ್ಕರೆ, ಕುದಿ ಎಲ್ಲವನ್ನೂ ತಡೆದುಕೊಳ್ಳುವ ಚಹಾ ಅದು. ಅದನ್ನು ಮೆಲ್ಲಗೆ ಇಳಿಸಿದರೆ ಪ್ರಯೋಜನ ಇಲ್ಲ, ಕುದಿಸಲೇಬೇಕು. ಒಂದು ಚಹಾಕ್ಕೆ ಮಾಡುವ ಉಪಚಾರವನ್ನು ಇನ್ನೊಂದಕ್ಕೆ ಮಾಡಿದರೆ ಎರಡೂ ಕೆಡುತ್ತವೆ.

ಇನ್ನೊಂದು ಕಾರಣವೂ ಇರಬಹುದು. ಚಹಾವನ್ನು ನೂರಕ್ಕೆ ಮೂರರಷ್ಟು ತೇವ ಉಳಿಯುವ ತನಕ ಒಣಗಿಸಿರುತ್ತಾರೆ. ಅಷ್ಟು ಒಣಗಿದ್ದು ಸುತ್ತಲಿನ ತೇವ, ವಾಸನೆ ಎಲ್ಲ ಎಳೆದುಕೊಳ್ಳುತ್ತದೆ. ಚೀನಾದವರು ಈ ಗುಣವನ್ನೇ ಬಳಸಿ, ರಾತ್ರಿ ಮಲ್ಲಿಗೆ ಹೂವಿನ ಜೊತೆ ಎಲೆಯನ್ನು ಇಟ್ಟು ಮಲ್ಲಿಗೆ ಚಹಾ ಮಾಡುತ್ತಾರೆ. ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಅದು ಒಣಮೀನಿನ ಡಬ್ಬಿಯ ಪಕ್ಕ ಕೂತರೆ ಏನಾಗಬಹುದು ಯೋಚಿಸಿ. ಘಟ್ಟದ ಮೇಲಿನವರು ಏಲಕ್ಕಿ, ಕಾಳುಮೆಣಸಿನ ಪಕ್ಕ ಇಡುತ್ತಾರೆ, ಅದೂ ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಲೆಯಿಂದ ದೂರ, ಒಣ ಚಮಚ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಮ್ಮೆಗೆ ನೂರು ಗ್ರಾಂ ಮಾತ್ರ ಹೊರಗೆ ತೆಗೆದಿಟ್ಟು ಉಳಿದದ್ದನ್ನು ಪ್ಯಾಕೆಟ್ ಸಮೇತ ಕಟ್ಟಿಡಿ.

ಇಷ್ಟೆಲ್ಲ ಗೊತ್ತಿದ್ದೂ ದೂರ ಹೋಗಬೇಕು ಅನ್ನುವುದಕ್ಕೆ ದೊಡ್ಡ ಕಾರಣ ಒಂದಿದೆ. ಒಣಗಿದ ಎಲೆ ಬಂದಷ್ಟು ಸುಲಭವಾಗಿ ಹಸಿ ಎಲೆ ಬರುವುದಿಲ್ಲ. ಬಲೆಯಿಂದ ಆಗ ತಾನೇ ತೆಗೆದ ಬಂಗಡೆಯ ಹಾಗೆ, ಕೊಯ್ದ ಗಳಿಗೆಯಿಂದಲೇ ಅದು ಬದಲಾಗಲು ಶುರು. ಅದಕ್ಕೇ ಕಾರ್ಖಾನೆಗಳು ತೋಟದ ನಡುವೆಯೇ ಇರುವುದು. ಎರಡು ಎಲೆ ಒಂದು ಕುಡಿ ಅಂತ ಕೊಯ್ದು ತಂದು, ಜಾಲರಿಯ ಉದ್ದ ತೊಟ್ಟಿಗಳಲ್ಲಿ ಹರಡಿ, ಕೆಳಗಿನಿಂದ ಗಾಳಿ ಬಿಟ್ಟು ಹನ್ನೆರಡು ಗಂಟೆಯೋ ಅದಕ್ಕಿಂತ ಜಾಸ್ತಿಯೋ ಬಾಡಿಸುತ್ತಾರೆ. ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಕೊನೆಗೆ ಒಂದು ಕಿಲೋ ಚಹಾ ಆಗುತ್ತದೆ. ಆ ಬಾಡುವ ಕೋಣೆಗೆ ಬೆಳಗಿನ ಜಾವ ಕಾಲಿಟ್ಟರೆ ಮೊದಲು ಕೊಯ್ದ ಹುಲ್ಲಿನ ವಾಸನೆ, ನಿಧಾನಕ್ಕೆ ಅದರೊಳಗಿಂದ ಹೂವಿನದು, ಮಾಗಿದ ಹಣ್ಣಿನದು. ಕೈಯಲ್ಲಿ ಒಂದು ಹಿಡಿ ಎಲೆ ಹಿಸುಕಿದರೆ ಪಟ್ ಅಂತ ಮುರಿಯದೆ ರೇಷ್ಮೆ ಬಟ್ಟೆಯ ಥರ ಮಡಚಿಕೊಳ್ಳುತ್ತದೆ. ಇದನ್ನು ಯಾವ ಪ್ಯಾಕೆಟ್ಟಿನಲ್ಲೂ ಕಟ್ಟಿ ಕಳಿಸಲು ಆಗುವುದಿಲ್ಲ. ಚಹಾ ಪ್ರೀತಿಸುವವರು ಜೀವನದಲ್ಲಿ ಒಮ್ಮೆಯಾದರೂ ಅಲ್ಲಿ ನಿಲ್ಲಬೇಕು ಅಂತ ನಾನು ಮನಸಾರೆ ಹೇಳುತ್ತೇನೆ.

ಹಿಂದಿನವರಿಗೆ ಈ ಅವಕಾಶ ಇರಲಿಲ್ಲ, ಅವರು ಚಹಾವನ್ನೇ ಓಡಿಸಿದರು. 1866ರಲ್ಲಿ ಚೀನಾದ ಫುಝೌ ಬಂದರಿನಿಂದ ವರ್ಷದ ಹೊಸ ಚಹಾ ಹೊತ್ತ ಹಾಯಿ ಹಡಗುಗಳು ಲಂಡನ್‌ಗೆ ಪೈಪೋಟಿಯಲ್ಲಿ ಹೊರಟವು. ಆಫ್ರಿಕಾದ ತುದಿ ಸುತ್ತಿ, 99 ದಿನ ಸಮುದ್ರದಲ್ಲಿದ್ದು, ಟೇಪಿಂಗ್ ಮತ್ತು ಏರಿಯಲ್ ಎಂಬ ಎರಡು ಹಡಗುಗಳು 28 ನಿಮಿಷದ ಅಂತರದಲ್ಲಿ ದಕ್ಕೆ ಮುಟ್ಟಿದವು. ಮೊದಲು ಬಂದ ಚಹಾಕ್ಕೆ ಹೆಚ್ಚು ಬೆಲೆ ಸಿಗುತ್ತಿತ್ತು. ಮೂರು ವರ್ಷಕ್ಕೆ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗುಗಳು ಬಂದವು, ಆ ಓಟ ಮುಗಿಯಿತು. ಹೊಸ ಚಿಗುರಿನ ಆಸೆ ಮಾತ್ರ ಇವತ್ತಿಗೂ ಇದೆ.

ಹಾಗಾದರೆ ನೀವು ಎಲ್ಲಿಗೆ ಹೋಗಬೇಕು? ಮೊದಲು ಒಂದು ಮಾತು ನಿಮ್ಮನ್ನೇ ಕೇಳಿಕೊಳ್ಳಿ. ಹಾಲಿಲ್ಲದ ಚಹಾ ನಿಮಗೆ ಇಷ್ಟವೇ? ಇಲ್ಲ ಅಂತಾದರೆ ಡಾರ್ಜಿಲಿಂಗ್‌ಗೆ ಈಗ ಹೋಗಬೇಡಿ. ಅಲ್ಲಿನ ಮಾರ್ಚ್, ಏಪ್ರಿಲ್‌ನ ಮೊದಲ ಚಿಗುರಿನ ಚಹಾ ತಿಳಿ ಹಳದಿ ಬಣ್ಣದ್ದು, ಹೂವಿನ ಪರಿಮಳದ್ದು. ಹಾಲು ಹಾಕಿದರೆ ಅದರ ಗುರುತೇ ಸಿಗುವುದಿಲ್ಲ. ದೇಶದಲ್ಲಿ ಮೊದಲ ಜಿಐ, ಅಂದರೆ ಬೆಳೆಯುವ ಊರಿನ ಹೆಸರಿಗೆ ಸಿಗುವ ಕಾನೂನಿನ ಮಾನ್ಯತೆ, ಪಡೆದ ಚಹಾ ಅದು. ಅಷ್ಟು ದೂರ ಹೋಗಿ ಅದಕ್ಕೆ ಹಾಲು ಕೇಳುವುದಕ್ಕಿಂತ ಒಂದು ವರ್ಷ ಮನೆಯಲ್ಲೇ ಕಣ್ಣು ಚಹಾ ಅಭ್ಯಾಸ ಮಾಡಿಕೊಂಡು ಹೋಗುವುದು ಒಳ್ಳೆಯದು. ಹೋದಾಗ ಡಿಸೆಂಬರ್‌ನಿಂದ ಫೆಬ್ರವರಿಯ ಮಧ್ಯದ ತನಕ ಮಾತ್ರ ಹೋಗಬೇಡಿ. ಚಳಿಗೆ ಗಿಡ ಮಲಗಿರುತ್ತದೆ, ಕೊಯ್ಲೂ ಇರುವುದಿಲ್ಲ, ಕಾರ್ಖಾನೆಯೂ ನಿಂತಿರುತ್ತದೆ.

ದಕ್ಷಿಣದ ಬೆಟ್ಟಗಳಲ್ಲಿ ವರ್ಷವಿಡೀ ಕೊಯ್ಲು ಇರುತ್ತದೆ. ಮುನ್ನಾರ್ ನಿಮಗೆ ಸುಲಭ. ಕೊಂಕಣ ರೈಲ್ವೆಯಲ್ಲಿ ಕೇರಳದ ಕಡೆ ಹೋಗಿ ಆಲುವಾದಲ್ಲಿ ಇಳಿದರೆ ಅಲ್ಲಿಂದ ರಸ್ತೆಯಲ್ಲಿ ಸುಮಾರು 110 ಕಿಲೋಮೀಟರ್. ಅಲ್ಲಿಯವರೆಗೆ ಹೋದ ಮೇಲೆ ಸೂರ್ಯನೆಲ್ಲಿಯಿಂದ ಜೀಪು ಹಿಡಿದು ಕೊಳುಕ್ಕುಮಲೈಗೂ ಹೋಗಿ. ತಮಿಳುನಾಡಿನ ಗಡಿಯೊಳಗೆ, ಏಳು ಸಾವಿರ ಅಡಿಗಿಂತ ಎತ್ತರದಲ್ಲಿರುವ ತೋಟ ಅದು. ಅಲ್ಲಿ ಹಳೆಯ ಪದ್ಧತಿಯಲ್ಲಿ ಎಲೆ ಚಹಾ ಮಾಡುವ ಕಾರ್ಖಾನೆ ಇದೆ. ರಸ್ತೆ ಮೈಕೈ ನೋಯಿಸುತ್ತದೆ, ಆದರೂ ಹೋಗಬೇಕಾದ ಜಾಗ. ನೀಲಗಿರಿಗಾದರೆ ಚಳಿಗಾಲವೇ ಸರಿ. ಡಿಸೆಂಬರ್, ಜನವರಿಯ ಇಬ್ಬನಿ, ಹಿಮದ ದಿನಗಳಲ್ಲಿ ಚಿಗುರು ನಿಧಾನಕ್ಕೆ ಬರುತ್ತದೆ, ಆಗಿನ ಎಲೆಯ ಪರಿಮಳವೇ ಬೇರೆ. ಹೋದ ವರ್ಷ ನೀವು ಯಾವ ತಿಂಗಳಲ್ಲಿ ಹೋಗಿದ್ದಿರೋ, ಈ ಸಲ ಜನವರಿಯಲ್ಲಿ ಹೋಗಿ ನೋಡಿ.

ಇನ್ನೂ ಹತ್ತಿರ ಬೇಕು ಅಂದರೆ ನಮ್ಮ ರಾಜ್ಯದಲ್ಲೇ ಚಹಾ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಾಡುಮನೆ, ಕೊಡಗಿನ ಗ್ಲೆನ್‌ಲೋರ್ನಾ. ಕಾರವಾರದಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲು ಸಕಲೇಶಪುರದ ಮೇಲೇ ಹಾಯುತ್ತದೆ. ನೀವು ಹಾಲಿನ ಚಹಾದವರಾದರೆ ನನ್ನ ಆಯ್ಕೆ ಇದೇ. ಈ ತೋಟಗಳ ಚಹಾ ಹಾಲಿಗೆ ಹೊಂದುತ್ತದೆ, ಖರ್ಚೂ ಕಡಿಮೆ. ಹೊರಡುವ ಮುಂಚೆ ತೋಟದವರಿಗೆ ಫೋನ್ ಮಾಡಿ ಒಳಗೆ ಬಿಡುತ್ತಾರೋ ಕೇಳಿ. ಸುಮ್ನೆ ಗೇಟಿನ ತನಕ ಹೋಗಿ ವಾಪಸ್ ಬರುವುದು ಬೇಡ.

ನಮ್ಮ ಉತ್ತರ ಕನ್ನಡದಲ್ಲೇ ಯಾಕೆ ಚಹಾ ಬೆಳೆಯುವುದಿಲ್ಲ ಅಂತ ಹಲವರು ಕೇಳುತ್ತಾರೆ. ಮಳೆ ಬೇಕಾದಷ್ಟಿದೆ, ಆದರೆ ಎಲ್ಲ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಚಹಾ ಗಿಡಕ್ಕೆ ವರ್ಷವಿಡೀ ಹಂಚಿ ಬರುವ ಮಳೆ ಬೇಕು. ಅಡಿಕೆ, ಕಾಳುಮೆಣಸು ಇಲ್ಲಿ ನೆಲೆ ಕಂಡಷ್ಟು ಸುಲಭವಾಗಿ ಅದು ಕಾಣುವುದಿಲ್ಲ.

ಕೊನೆಗೆ ಮಳೆಗಾಲದ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಅದರಡಿ ಸಿಕ್ಕಿದ್ದು ರಸ್ತೆ ಬದಿಯ ಒಂದು ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ವಾಹನ ನಿಲ್ಲಿಸಿದ್ದವರು. ನಮ್ಮ ಜಿಲ್ಲೆಯಲ್ಲಿ ಚಹಾ ಅಂಗಡಿಗಳು ಇರುವುದೇ ಇಂಥ ತಿರುವುಗಳಲ್ಲಿ, ಕಡಿದ ಗುಡ್ಡದ ಬುಡದಲ್ಲಿ. ಜೋರು ಮಳೆಯ ವಾರಗಳಲ್ಲಿ ಘಟ್ಟದ ಓಡಾಟ ನಿಲ್ಲಿಸಿ. ಹೋಗಲೇಬೇಕಾದರೆ ಗುಡ್ಡ ಕೊರೆದ ಜಾಗದಲ್ಲಿ ಚಹಾಕ್ಕೆ ಅಂತ ನಿಲ್ಲಬೇಡಿ, ಊರೊಳಗಿನ ಅಂಗಡಿಯ ತನಕ ಹೋಗಿ. ಆ ನಾಲ್ಕು ತಿಂಗಳು ಮನೆಯಲ್ಲೇ ಮಾಡಿ. ಹೆಂಚಿನ ಮೇಲಿನಿಂದ ಬೀಳುವ ಮಳೆನೀರನ್ನಲ್ಲ, ಅಂಗಳದಲ್ಲಿ ಸ್ವಚ್ಛ ಬಟ್ಟೆ ಕಟ್ಟಿ ನೇರ ಹಿಡಿದ ಮಳೆನೀರನ್ನು ಸೋಸಿ, ಚೆನ್ನಾಗಿ ಕುದಿಸಿ ಬಳಸಿ ನೋಡಿ. ಅದರಲ್ಲಿ ಉಪ್ಪೂ ಇಲ್ಲ, ಸುಣ್ಣವೂ ಇಲ್ಲ. ಮೊದಲ ಎರಡು ಮೂರು ಮಳೆಯದ್ದು ಬೇಡ, ಗಾಳಿಯ ಧೂಳೆಲ್ಲ ಅದರಲ್ಲಿರುತ್ತದೆ. ಜುಲೈ ಹೊತ್ತಿಗೆ ಹಿಡಿದರೆ ಸರಿ.